ನ್ಯಾಯಮೂರ್ತಿ ಸರ್ ಟಿ. ಮುತ್ತುಸ್ವಾಮಿ ಅಯ್ಯರವರು

ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸನದು ಪಡೆದ ತರುಣ ವಕೀಲರನ್ನು ಸತ್ಕರಿಸುವ ಸಭೆಗಳಲ್ಲಿ ಹಿರಿಯರು ಹೇಳುವ ಒಂದು ಕಥೆಯುಂಟು. ಮನೆಯಲ್ಲಿ ದೀಪಕ್ಕೆ ಎಣ್ಣೆಯಿಲ್ಲದೆ ಬೀದಿಯ ದೀಪದ ಕೆಳಗೆ ಕುಳಿತು ಓದಿದ ಬಡ ಬ್ರಾಹ್ಮಣ ಬಾಲಕನೊಬ್ಬನು ಕಾಲಾಂತರದಲ್ಲಿ ಮದರಾಸಿನ ಹೈಕೋರ್ಟಿನ ನ್ಯಾಯಾಧಿಪತಿಯಾದನೆಂಬುದೇ ಆ ಕಥೆ. ಬಾಲಕನ ಹೆಸರು ಮುತ್ತುಸ್ವಾಮಿ. ಕಥೆ ಸುಳ್ಳೆಂದು ನಾವು ಹೇಳಲಾರೆವು. ಆದರೆ ಅದನ್ನು ಹೇಳಿ ಹೇಳಿ, ಆ ಮಹನೀಯರ ಜೀವನದಲ್ಲಿ ನಿಜವಾಗಿ ತಿಳಿಯಬೇಕಾದ ಸಂಗತಿಗಳನ್ನೆಲ್ಲ ನಾವು ಮರೆತಿದ್ದೇವೆ. ದೀಪದ ಕೆಳಗೆ ಕುಳಿತು ಓದಿದ ಹುಡುಗರು ಆ ಕಾಲದಲ್ಲಿ ಅನೇಕರಿದ್ದಿರಬೇಕು. ಅವರೆಲ್ಲರೂ ಹೈಕೋರ್ಟಿನ ಪೀಠವನ್ನೇರಲಿಲ್ಲ. ಇವರೊಬ್ಬರು ಏರಿದ ಬಗೆ ಹೇಗೆ, ಏರಿದಾಗ ನಾಡಿನಲ್ಲಿ ಎದ್ದ ಗದ್ದಲವೇನು, ಆ ಗದ್ದಲದಿಂದ ಹುಟ್ಟಿದುದೇನು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮುತ್ತುಸ್ವಾಮಿ ಅಯ್ಯರವರು 1832ನೆಯ ಇಸವಿ ಜನವರಿ 28ರಂದು ತಂಜಾವೂರು ಜಿಲ್ಲೆಯ ಉಚ್ಚುವಾಡಿ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ವೆಂಕಟನಾರಾಯಣ ಶಾಸ್ತ್ರಿಗಳು ಮಕ್ಕಳು ಚಿಕ್ಕವರಾಗಿದ್ದಾಗಲೇ ತೀರಿಕೊಂಡರು. ತಾಯಿಯು ಮಗನನ್ನು ಕರೆದುಕೊಂಡು ಜೀವನೋಪಾಯಕ್ಕಾಗಿ ತಿರುವಾರೂರಿಗೆ ಬಂದಳು. ಅಲ್ಲಿ ಹುಡುಗನಿಗೆ ಗ್ರಾಮಲೆಕ್ಕದ ಕೆಲಸವೊಂದು ದೊರೆಯಿತು. ಸಂಬಳ ತಿಂಗಳಿಗೆ ಒಂದು ರೂಪಾಯಿ. ನಮ್ಮ ಕಡೆಯಲ್ಲಾದರೆ ಶಾನುಭೋಗರ ಕೈಕೆಳಗೆ ಕಡತ ಬರೆಯುವ ಹುಡುಗನೆನ್ನಬಹುದು. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ಗತಿಸಿದಳು. ಅವಳು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿಟ್ಟಿದ್ದ ಅಲ್ಪ ಹಣವು ಮಗನ ವಿದ್ಯೆಗೆ ವಿನಿಯೋಗವಾಯಿತು.

ಇಲ್ಲಿಗೆ ಈ ಜೀವನ ನಿಂತುಹೋಗಬಹುದಾಗಿತ್ತು. ಬುದ್ಧಿವಂತನಾದ ಕರಣಿಕನಾಗಿ, ಗ್ರಾಮದ ಲೆಕ್ಕಪತ್ರಗಳನ್ನು ಚೊಕ್ಕಟವಾಗಿಟ್ಟು, ವೃದ್ಧಾಪ್ಯದಲ್ಲಿ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಅವರು ಕಾಲವಾಗಬಹುದಾಗಿತ್ತು. ಹಾಗಾಗದಿರಲು ಕಾರಣರಾದವರು ತಿರುವಾರೂರಿನ ತಹಸೀಲ್ದಾರರಾಗಿದ್ದ ಮುತ್ತುಸ್ವಾಮಿ ನಾಯಕರು. ಒಂದು ದಿನ ಹೊಳೆಯ ಏರಿಯೊಡೆದ ಸುದ್ದಿ ಕಚೇರಿಗೆ ಬಂದಾಗ ಗುಮಾಸ್ತರು ಯಾರೂ ಕೈಗೆ ಸಿಕ್ಕದಿರಲು, ಈ ಹುಡುಗನೇ ಹೋಗಿ ನೋಡಿ, ಒಡೆದ ಸ್ಥಳವೆಷ್ಟು, ಬೇಕಾದ ಸಾಮಗ್ರಿಯೆಷ್ಟು ಎಂಬುದನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದನೆಂದೂ, ಅಂದಿನಿಂದ ನಾಯಕರ ದೃಷ್ಟಿ ಅವನ ಮೇಲೆ ಬಿದ್ದಿತೆಂದೂ ಹೇಳುವರು. ಹೇಗೇ ಇರಲಿ, ನಾಯಕರು ತಮ್ಮ ಸೋದರಳಿಯನ ವಿದ್ಯಾಭ್ಯಾಸದೊಡನೆ ಈ ಅನಾಥ ಬಾಲಕನ ವಿದ್ಯಾಭ್ಯಾಸಕ್ಕೂ ಏರ್ಪಾಡು ಮಾಡಿ, ಅವನನ್ನು ಮದರಾಸಿಗೆ ಕಳುಹಿಸಿದರು. ಬೀದಿದೀಪದ ಕಥೆಯಲ್ಲಿ ನಾಯಕರ ಹೆಸರು ಬರುವುದಿಲ್ಲ. ಇದು ನಮಗೆ ಅನ್ಯಾಯವೆಂದೇ ತೋರುತ್ತದೆ. ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಕುಳಿತ ಒಂದು ರೂಪಾಯಿಯ ನೌಕರನನ್ನು ಕಣ್ಣೆತ್ತಿ ನೋಡುವ ಅಧಿಕಾರಿಗಳು ಅಂದೂ ವಿರಳ. ನೋಡಿದ ಮೇಲೆ ಕೈಯಿಂದ ಖರ್ಚು ಮಾಡುವವರು ಇನ್ನೂ ವಿರಳ.

ಮದರಾಸಿನಲ್ಲಿ ಅವರಿಗೆ ಪೊವೆಲ್ ಎಂಬ ಗುರು ದೊರೆತರು. ಈ ಪೊವೆಲ್ ಸಾಹೇಬರು ನಡೆಸುತ್ತಿದ್ದ ವಿದ್ಯಾಶಾಲೆಯೇ ಮುಂದೆ ಪ್ರೆಸಿಡೆನ್ಸಿ ಕಾಲೇಜಾಯಿತು. 1854ರಲ್ಲಿ ಇಂಗ್ಲಿಷ್ ಪ್ರಬಂಧಕ್ಕಾಗಿ ಇಟ್ಟಿದ್ದ 500 ರೂಪಾಯಿಗಳ ಬಹುಮಾನವು ಮುತ್ತುಸ್ವಾಮಿಯವರಿಗೆ ಬಂದಿತು. ತಿಂಗಳಿಗೊಂದು ರೂಪಾಯಿಯಂತೆ ಕರಣಿಕನ ಮಣೆಯಲ್ಲಿಯೇ ಕುಳಿತಿದ್ದರೆ ಆ ಮೊತ್ತವನ್ನು ಗಳಿಸಲು ನಲವತ್ತೊಂದು ವರ್ಷ ಎಂಟು ತಿಂಗಳು ಬೇಕಾಗುತ್ತಿತ್ತು. ಶಿಕ್ಷಣ ಮಂಡಲಿಯ ಆರ್ಬುತ್‌ನಾಟ್ ಮೊದಲಾದ ಆಂಗ್ಲ ಅಧಿಕಾರಿಗಳ ಗಮನವೂ ಅವರ ಕಡೆಗೆ ತಿರುಗಿತು. ವಿದ್ಯಾ ಇಲಾಖೆಯಲ್ಲಿ ಕೆಲಕಾಲ ಕೆಲಸ ಮಾಡಿ, ಅವರು ಕಾಯಿದೆಯ ಕಡೆಗೆ ಹೊರಳಿದರು.

ಆ ಕಾಲದಲ್ಲಿ ಕಾಯಿದೆಯ ವೃತ್ತಿಗೆ ಪ್ರವೇಶಿಸುವ ದಾರಿ ಎಂತಹದೆಂಬುದನ್ನು ಇಲ್ಲಿ ವಿವರಿಸದೆ ಮುಂದೆ ಹೋಗುವಂತಿಲ್ಲ. ಕಂಪೆನಿ ಸರ್ಕಾರದಲ್ಲಿ ನ್ಯಾಯಸ್ಥಾನಗಳು ಎರಡು ಬಗೆಯವು. ಮದರಾಸು ಪಟ್ಟಣದಲ್ಲಿ ರಾಜಮುದ್ರೆಯ ಸುಪ್ರೀಂ ಕೋರ್ಟು. ಅಲ್ಲಿ ವಾದಿಸುವವರು ಇಂಗ್ಲೆಂಡಿನಿಂದ ಬಂದ ಬ್ಯಾರಿಸ್ಟರುಗಳು. ಜಿಲ್ಲೆಗಳಲ್ಲಿ ಕಂಪೆನಿಯ ನ್ಯಾಯಸ್ಥಾನಗಳು, ಅವುಗಳ ಮೇಲೆ ಸದರ್ ಅದಾಲತ್ತು; ಅಲ್ಲಿ ವಾದಿಸುವವರು ನಮ್ಮವರಾದ ವಕೀಲರು. ಬ್ಯಾರಿಸ್ಟರಾಗಬೇಕಾದರೆ ಸಮುದ್ರವನ್ನು ದಾಟಬೇಕು. ಅದಕ್ಕೆ ಹಣವೂ ಬೇಕು, ಜಾತಿಯ ಬಹಿಷ್ಕಾರವನ್ನು ಸಹಿಸುವ ಎದೆಯೂ ಬೇಕು. ತಂಜಾವೂರಿನ ಅನಾಥನಿಗೆ ಮೊದಲನೆಯದು ಇರಲಿಲ್ಲ. ವಕೀಲನಾಗುವ ಮಾರ್ಗವು ಬಹುಕಾಲ ಜಡ್ಜಿ ಸಾಹೇಬರ ಅನುಗ್ರಹದ ಮೇಲೆಯೇ ನಿಂತಿತ್ತು. ಅವರು ಕೊಟ್ಟರೆ ಸನದು, ಇಲ್ಲದಿದ್ದರೆ ಇಲ್ಲ. 1846ರ ಕಾಯಿದೆಯು ಕುಲ ಮತಗಳ ಭೇದವಿಲ್ಲದೆ ಯೋಗ್ಯತಾಪತ್ರವುಳ್ಳವರೆಲ್ಲರಿಗೂ ಈ ವೃತ್ತಿಯನ್ನು ತೆರೆಯಿತು. ಆದರೆ ಯೋಗ್ಯತೆಯನ್ನು ಅಳೆಯುವ ಬಗೆ ಹೇಗೆ? ಅದಕ್ಕೆ ಪರೀಕ್ಷೆ ಬೇಕಾಯಿತು. 1856ರ ಆರಂಭದಲ್ಲಿ ನಡೆದ ವಕೀಲಿ ಪರೀಕ್ಷೆಗೆ ಮುತ್ತುಸ್ವಾಮಿ ಅಯ್ಯರವರು ಕುಳಿತು ಪ್ರಥಮರಾಗಿ ತೇರ್ಗಡೆ ಹೊಂದಿದರು.

ಪರೀಕ್ಷೆಯನ್ನು ನಿಂದಿಸುವುದು ಈಗ ಒಂದು ವಾಡಿಕೆಯಾಗಿದೆ. ಬಾಯಿಪಾಠದ ವಿದ್ಯೆ, ಗುಮಾಸ್ತರನ್ನು ತಯಾರಿಸುವ ಯಂತ್ರ ಎಂದು ನಾವೂ ಬರೆದುದುಂಟು. ಆದರೆ ಅನುಗ್ರಹದ ರಾಜ್ಯದಲ್ಲಿ ಬದುಕಿದವನಿಗೆ ಪರೀಕ್ಷೆಯೆಂಬುದು ಎಂತಹ ಬಿಡುಗಡೆಯೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಉತ್ತರಪತ್ರಿಕೆಗೆ ಬಣ್ಣವಿಲ್ಲ, ಅದು ಸಾಹೇಬರ ಬಂಗಲೆಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಉತ್ತಮವಾದ ಉತ್ತರವನ್ನು ಬರೆದವನು ನೇಟಿವನೆಂಬ ಕಾರಣದಿಂದ ಅದನ್ನು ಕೆಟ್ಟದ್ದೆಂದು ಹೇಳುವುದು ಸುಲಭವಲ್ಲ.

ಪರೀಕ್ಷೆಯಲ್ಲಿ ಗೆದ್ದ ಅಯ್ಯರವರು ವಕೀಲಿಯನ್ನು ಬಿಟ್ಟು ನ್ಯಾಯಾಧಿಕಾರವನ್ನು ಹಿಡಿದರು. ಅದೇ ವರ್ಷ ಜುಲೈ 2ರಂದು ಅವರನ್ನು ತರಂಗಂಬಾಡಿಯ ಜಿಲ್ಲಾ ಮುನ್ಸೀಫರನ್ನಾಗಿ ನಿಯಮಿಸಿದರು. ತರಂಗಂಬಾಡಿಯು ಹನ್ನೊಂದು ವರ್ಷಗಳ ಹಿಂದೆ, 1845ರವರೆಗೆ, ಡೆನ್ಮಾರ್ಕಿನವರ ವಶದಲ್ಲಿದ್ದ ಊರು. ಮೂರು ವರ್ಷಗಳ ಮೇಲೆ, 1859ರಲ್ಲಿ, ತಂಜಾವೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಹುದ್ದೆ. ಕರಣಿಕನಾಗಿದ್ದ ಜಿಲ್ಲೆಯಲ್ಲಿಯೇ ಕರಣಿಕರ ಲೆಕ್ಕವನ್ನು ತನಿಖೆ ಮಾಡುವ ಅಧಿಕಾರ! ಗ್ರಾಮಲೆಕ್ಕದ ಗುಟ್ಟುಗಳನ್ನು ಈ ಡೆಪ್ಯುಟಿ ಕಲೆಕ್ಟರಿಂದ ಬಚ್ಚಿಡುವುದು ಯಾವ ಕರಣಿಕನಿಗೂ ಸುಲಭವಾಗಿದ್ದಿರಲಾರದು.

1865ರ ಜುಲೈಯಲ್ಲಿ ಅವರು ನಮ್ಮ ನಾಡಿಗೆ ಬಂದರು. ಕನ್ನಡ ಜಿಲ್ಲೆಯನ್ನು ಎರಡಾಗಿ ಸೀಳಿ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿ ಮೂರು ವರ್ಷಗಳಾಗಿದ್ದುವು; ಮದರಾಸಿಗೆ ಉಳಿದ ದಕ್ಷಿಣ ಕನ್ನಡಕ್ಕೆ ಅಯ್ಯರವರು ಸಬ್ ಜಡ್ಜಿಯಾಗಿ ಬಂದು, 1868ರ ಜುಲೈವರೆಗೆ, ಮೂರು ವರ್ಷ ಅಲ್ಲಿದ್ದರು. ತಮಿಳು ಮಾತೃಭಾಷೆಯಾದವರು, ಜಿಲ್ಲೆಯ ನ್ಯಾಯಸ್ಥಾನಗಳ ಭಾಷೆ ಕನ್ನಡ, ಕಕ್ಷಿಗಾರರ ಮನೆಮಾತು ಬಹುಮಟ್ಟಿಗೆ ತುಳು. ಇದಕ್ಕಿಂತ ದೊಡ್ಡ ತೊಡಕು ಅಲ್ಲಿಯ ದಾಯಭಾಗ. ಬಂಟರು ಬಿಲ್ಲವರು ಮೊದಲಾದವರಲ್ಲಿ ಆಗ ಆಸ್ತಿಯು ತಂದೆಯಿಂದ ಮಗನಿಗೆ ಬಾರದೆ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಮಾವನ ಯಜಮಾನಿಕೆ ಅಳಿಯನಿಗೆ ಸಲ್ಲುತ್ತಿತ್ತು. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬನ ಒತ್ತಾಯದಿಂದ ಆಸ್ತಿಯನ್ನು ಪಾಲು ಮಾಡಲಾಗದೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಹಿಂದೆಯೇ, ಪಾಲಿಲ್ಲದ ಮನೆಗಳ ಜಗಳಗಳು ಬಗೆಬಗೆಯ ರೂಪದಲ್ಲಿ ಕೆಳಗಿನ ನ್ಯಾಯಸ್ಥಾನಗಳಿಗೆ ಬರುವುದು ಸಹಜವೇ. ಮಿತಾಕ್ಷರೆಯೇ ಧರ್ಮವೆಂದು ತಿಳಿದ ಮನೆತನದಲ್ಲಿ ಹುಟ್ಟಿದ ಒಬ್ಬ ಶಾಸ್ತ್ರಿಗಳ ಮಗನು ಈ ದೇಶಾಚಾರವನ್ನು ಪೀಠದಲ್ಲಿ ಕುಳಿತು ಕೇಳಬೇಕಾಯಿತು. ಶಾಸ್ತ್ರ ಬೇರೆ, ರೂಢಿ ಬೇರೆ, ರೂಢಿಯೂ ಕಾಯಿದೆಯೇ ಎಂಬ ಪಾಠವನ್ನು ಕಲಿಯುವುದಕ್ಕೆ ನಮ್ಮ ಕರಾವಳಿಗಿಂತ ಒಳ್ಳೆಯ ಪಾಠಶಾಲೆ ಈ ದೇಶದಲ್ಲಿ ಎಷ್ಟಿವೆಯೋ ನಾವರಿಯೆವು. ಇಪ್ಪತ್ತಮೂರು ವರ್ಷಗಳ ಮೇಲೆ, ಮಲೆಯಾಳದ ವಿವಾಹಪದ್ಧತಿಯನ್ನು ವಿಚಾರಿಸಲು 1891ರಲ್ಲಿ ಸರ್ಕಾರವು ಒಂದು ಸಮಿತಿಯನ್ನು ನಿಯಮಿಸಿದಾಗ ಅಯ್ಯರವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಅವರು ಸದಸ್ಯರ ವರದಿಯೊಡನೆ ತಮ್ಮದೇ ಆದ ಪ್ರತ್ಯೇಕ ಟಿಪ್ಪಣಿಯನ್ನೂ ಬರೆದರು.

ಮಂಗಳೂರಿನಿಂದ ಅವರು ಹೋದುದು ಮದರಾಸಿನ ಪೊಲೀಸ್ ಮ್ಯಾಜಿಸ್ಟ್ರೇಟ್ ಹುದ್ದೆಗೆ. ಆಗ ಅವರ ವಯಸ್ಸು ಮೂವತ್ತಾರು. ಹನ್ನೆರಡು ವರ್ಷಗಳ ಅಧಿಕಾರದ ಅನುಭವ, ನೂರಾರು ತೀರ್ಪುಗಳನ್ನು ಬರೆದ ಕೈ. ಆದರೆ ಅಷ್ಟರಲ್ಲಿ ಕಾಲ ಬದಲಾಯಿಸಿತ್ತು. 1857ರಲ್ಲಿ ಮದರಾಸಿನಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾಗಿತ್ತು. 1862ರಲ್ಲಿ ಸುಪ್ರೀಂ ಕೋರ್ಟು, ಸದರ್ ಅದಾಲತ್ತು ಎರಡೂ ಕೂಡಿ ಹೈಕೋರ್ಟಾಗಿತ್ತು. ಬಿ. ಎಲ್. ಪದವಿಯನ್ನು ಪಡೆದ ತರುಣರು ಹೊರಬರುತ್ತಿದ್ದರು. ಅಯ್ಯರವರ ಯೋಗ್ಯತಾಪತ್ರ ಹಳೆಯ ಕಾಲದ್ದು. ಅದರಿಂದ ಅವರ ಹುದ್ದೆಗೇನೂ ಕುಂದಿರಲಿಲ್ಲ; ಯಾರೂ ಕೇಳುವವರೂ ಇರಲಿಲ್ಲ. ಆದರೂ ಹಗಲೆಲ್ಲ ಪಟ್ಟಣದ ಕಳ್ಳರನ್ನೂ ಕುಡುಕರನ್ನೂ ವಿಚಾರಿಸಿ, ರಾತ್ರಿ ಹುಡುಗರೊಡನೆ ಹುಡುಗರಂತೆ ಪರೀಕ್ಷೆಗೆ ಓದಿ ಅವರು ಬಿ. ಎಲ್. ಪದವಿಯನ್ನು ಪಡೆದರು. ಬೀದಿದೀಪಕ್ಕಿಂತ ಈ ಎರಡನೆಯ ದೀಪವೇ ನಮಗೆ ಹೆಚ್ಚು ಬೆರಗನ್ನುಂಟುಮಾಡುವುದು. ಬಡತನದಲ್ಲಿ ಓದುವುದು ಹಸಿವಿನ ಪ್ರೇರಣೆ. ಸಂಬಳ, ಗೌರವ, ಪೇಟ, ಪಟ್ಟೆವಾಲ ಎಲ್ಲವೂ ಬಂದ ಮೇಲೆ ವಿದ್ಯಾರ್ಥಿಗಳ ಬೆಂಚಿನ ಮೇಲೆ ಮತ್ತೆ ಕುಳಿತುಕೊಳ್ಳಲು ಬೇರೆ ಬಗೆಯ ಮನಸ್ಸು ಬೇಕು.

ಪೊಲೀಸ್ ಮ್ಯಾಜಿಸ್ಟ್ರೇಟರಾಗಿದ್ದಾಗಿನ ಒಂದು ಸಂಗತಿಯನ್ನು ಮದರಾಸಿನವರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಹೈಕೋರ್ಟಿನ ಯೂರೋಪಿಯನ್ ನ್ಯಾಯಾಧಿಪತಿಯೊಬ್ಬರು ದೇಶೀಯ ಬಾಲಕನನ್ನು ಹೊಡೆದರೆಂದು ಫಿರ್ಯಾದಿ ಬಂದಿತಂತೆ. ಅಯ್ಯರವರು ಸಮನ್ಸು ಹೊರಡಿಸಿದರು. ಅಷ್ಟು ದೊಡ್ಡವರು ಸ್ವತಃ ಹಾಜರಾಗುವುದನ್ನು ಮನ್ನಿಸಬಹುದಲ್ಲವೆ ಎಂದು ಮೇಲಿನವರಿಂದ ಸೂಚನೆ ಬಂದಿತು, ಅಯ್ಯರವರು ಒಪ್ಪಲಿಲ್ಲ. ಆರೋಪಿಗಳು ಬಂದು ನಿಂತರು. ಮೂರು ರೂಪಾಯಿ ಜುಲ್ಮಾನೆಯಾಯಿತು. ಮೂರು ರೂಪಾಯಿಯೆಂದರೆ ಆ ನ್ಯಾಯಾಧಿಪತಿಗಳಿಗೆ ಏನೂ ಅಲ್ಲ. ಆದರೆ ಜಿಲ್ಲೆಗಳಲ್ಲಿ ದೇಶೀಯ ನ್ಯಾಯಾಧಿಕಾರಿಗಳು ಯೂರೋಪಿಯನರನ್ನು ವಿಚಾರಿಸಬಹುದೆಂಬ ಇಲ್ಬರ್ಟ್ ಮಸೂದೆಯು 1883ರಲ್ಲಿ ಬಂದಾಗ ಬಿಳಿಯರ ಸಮಾಜ ಎಷ್ಟು ಕೋಲಾಹಲವೆಬ್ಬಿಸಿತೆಂಬುದನ್ನು ನೆನೆದವರಿಗೆ ಈ ಮೂರು ರೂಪಾಯಿಗಳ ಬೆಲೆ ಗೊತ್ತಾಗುವುದು.

ಆಮೇಲೆ ಅವರು ಸ್ಮಾಲ್ ಕಾಸ್ ಕೋರ್ಟಿನ ನ್ಯಾಯಾಧಿಪತಿಗಳಾದರು. ಚಿಕ್ಕ ವ್ಯಾಜ್ಯಗಳ ಈ ನ್ಯಾಯಸ್ಥಾನವೇ ಅವರಿಗೆ ದೊಡ್ಡ ಬಾಗಿಲನ್ನು ತೆರೆಯಿತು. ಹೈಕೋರ್ಟುಗಳನ್ನು ನಿರ್ಮಿಸಿದ 1861ರ ಕಾಯಿದೆಯ ಪ್ರಕಾರ ಅಲ್ಲಿಯ ನ್ಯಾಯಾಧಿಪತಿಗಳಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಬ್ಯಾರಿಸ್ಟರುಗಳೂ, ಮೂರನೆಯ ಒಂದು ಪಾಲು ಸಿವಿಲ್ ಸರ್ವಿಸಿನವರೂ ಇರಬೇಕು. ಆಗಿನ ಸ್ಥಿತಿಯಲ್ಲಿ ಇವೆರಡೂ ಬಹುತೇಕ ಆಂಗ್ಲರ ಸ್ವತ್ತು. ಉಳಿದ ಎಡೆಯಲ್ಲಿ, ಪ್ರಿನ್ಸಿಪಾಲ್ ಸದರ್ ಅಮೀನರಿಗೆ ಅಥವಾ ಸ್ಮಾಲ್ ಕಾಸ್ ಕೋರ್ಟಿನ ಜಡ್ಜಿಗೆ ಕಡಿಮೆಯಿಲ್ಲದ ನ್ಯಾಯಾಧಿಕಾರವನ್ನು ಐದು ವರ್ಷ ನಡೆಸಿದವರಿಗೂ, ಹತ್ತು ವರ್ಷ ವಕೀಲಿ ಮಾಡಿದವರಿಗೂ ಅರ್ಹತೆಯುಂಟೆಂದು ಆ ಕಾಯಿದೆ ಹೇಳಿತು. ಈ ಕಿರುಬಾಗಿಲಿನಿಂದಲೇ ನಮ್ಮವರು ಒಳಹೊಕ್ಕರು. ಕಲ್ಕತ್ತೆಯಲ್ಲಿ 1863ರಲ್ಲಿ ಶಂಭುನಾಥ ಪಂಡಿತರು, ಅವರ ತರುವಾಯ 1867ರಲ್ಲಿ ದ್ವಾರಕಾನಾಥ ಮಿತ್ರರು ಹೈಕೋರ್ಟಿನ ಪೀಠವನ್ನೇರಿದ್ದರು. ಮದರಾಸು ಹಿಂದೆಯೇ ಉಳಿದಿತ್ತು. ಮುತ್ತುಸ್ವಾಮಿ ಅಯ್ಯರವರ ನೇಮಕದಿಂದ ಆ ಕೊರತೆ ನೀಗಿತು; ಮದರಾಸು ಹೈಕೋರ್ಟಿನ ಪ್ರಥಮ ಭಾರತೀಯ ನ್ಯಾಯಾಧಿಪತಿಗಳು ಅವರೇ.

ನೇಮಕವಾದೊಡನೆ ಮದರಾಸಿನ ಆಂಗ್ಲೋ-ಇಂಡಿಯನ್ ಪತ್ರಿಕೆಗಳು ಹಗೆಯನ್ನು ಕಾರಿದುವು. ಅವರ ಕಾಯಿದೆಯ ಜ್ಞಾನವನ್ನು ಅಲ್ಲಗಳೆಯುವುದು ಸಾಧ್ಯವಿರಲಿಲ್ಲ. ಏರಿದ ಮೆಟ್ಟಿಲುಗಳೆಲ್ಲ ಕಣ್ಣಮುಂದಿದ್ದುವು. ಆದುದರಿಂದ ಆಕ್ಷೇಪಣೆಯು ನೇಟಿವರ ಜಾತಿಯ ಮೇಲೆಯೇ ತಿರುಗಿತು. ಇದಕ್ಕೆ ಉತ್ತರ ಕೊಡಲು ದೇಶೀಯರ ಕೈಯಲ್ಲಿ ತಕ್ಕ ಇಂಗ್ಲಿಷ್ ಪತ್ರಿಕೆಯಿರಲಿಲ್ಲ.  ಆಗ ತಿರುವಲ್ಲಿಕ್ಕೇಣಿಯ ಆರು ಮಂದಿ ತರುಣರು, ಒಂದು ರೂಪಾಯಿ ಹನ್ನೆರಡಾಣೆ ಸಾಲ ತಂದು, 1878ರ ಸೆಪ್ಟೆಂಬರ್ 20ರಂದು ಎಂಬತ್ತು ಪ್ರತಿಗಳ ಒಂದು ವಾರಪತ್ರಿಕೆಯನ್ನು ಅಚ್ಚುಹಾಕಿಸಿದರು. ಅದೇ ಹಿಂದೂ ಪತ್ರಿಕೆ. ಆರು ಮಂದಿಯಲ್ಲಿ ಜಿ. ಸುಬ್ರಹ್ಮಣ್ಯ ಅಯ್ಯರ್, ವೀರರಾಘವಾಚಾರ್ಯ ಇಬ್ಬರು ಉಪಾಧ್ಯಾಯರು. ಮಿಕ್ಕ ನಾಲ್ವರು ಕಾಯಿದೆಯ ವಿದ್ಯಾರ್ಥಿಗಳು. ಈ ನಾಲ್ವರ ಮನಸ್ಸನ್ನು ನಾವು ಊಹಿಸಿಕೊಳ್ಳಬಲ್ಲೆವು. ಅಯ್ಯರವರಂತಹವರಿಗೇ ಆ ಪೀಠ ಸಲ್ಲದೆಂದಾದರೆ, ತಾವು ಓದುತ್ತಿರುವ ಓದು ಯಾವ ಪುರುಷಾರ್ಥಕ್ಕೆ? ತಮ್ಮ ಪುಸ್ತಕಗಳ ಬೆಲೆಯೇ ಆ ವ್ಯಾಜ್ಯದಲ್ಲಿ ವಿಚಾರಣೆಗೆ ಬಂದಂತಾಗಿತ್ತು. ಪತ್ರಿಕಾವೃತ್ತಿಯಲ್ಲಿರುವ ನಮಗೆ ಆ ಒಂದು ರೂಪಾಯಿ ಹನ್ನೆರಡಾಣೆಯ ಲೆಕ್ಕವು ತಿರುವಾರೂರಿನ ಒಂದು ರೂಪಾಯಿಯ ಸಂಬಳದಷ್ಟೇ ಹೃದ್ಯವಾಗಿದೆ.

ಹೈಕೋರ್ಟಿನಲ್ಲಿ ಅಯ್ಯರವರು ಸಾಯುವವರೆಗೂ ದುಡಿದರು. ಹಿಂದೂ ಧರ್ಮಶಾಸ್ತ್ರದ ಅರ್ಥವನ್ನು ಹೇಳಲು ನ್ಯಾಯಸ್ಥಾನಗಳಲ್ಲಿದ್ದ ಪಂಡಿತರ ಹುದ್ದೆಗಳನ್ನು ಸರ್ಕಾರವು 1864ರಲ್ಲಿ ರದ್ದು ಮಾಡಿತ್ತು. ಅಲ್ಲಿಂದ ಮುಂದೆ, ಕೋಲ್‌ಬ್ರೂಕ್ ಮೊದಲಾದವರ ಭಾಷಾಂತರಗಳನ್ನೂ ಹಳೆಯ ತೀರ್ಪುಗಳನ್ನೂ ಮುಂದಿಟ್ಟುಕೊಂಡು, ದತ್ತಕ, ಪಾಲು, ಸ್ತ್ರೀಧನಗಳ ವಿಷಯದಲ್ಲಿ ಪರದೇಶೀಯರೇ ನಿರ್ಣಯವನ್ನು ಹೇಳುತ್ತಿದ್ದರು. ಅವಿಭಕ್ತ ಕುಟುಂಬದೊಳಗೆ ಅಣ್ಣತಮ್ಮಂದಿರ ನಡುವೆ ಮಾತಿನಲ್ಲಿ ಏನು ನಡೆಯುವುದು, ಕಾಗದದಲ್ಲಿ ಏನು ನಡೆಯುವುದು ಎಂಬುದನ್ನು ಬಲ್ಲವರೊಬ್ಬರು ಆ ಪೀಠದಲ್ಲಿ ಕುಳಿತುದು ಬರಿಯ ಅಲಂಕಾರವಲ್ಲ. ಮದರಾಸು ತೀರ್ಪುಗಳ ಸಂಪುಟಗಳನ್ನು ತಿರುವಿದ ವಕೀಲರಿಗೆ ಇದನ್ನು ನಾವು ಹೇಳಬೇಕಾಗಿಲ್ಲ.

1893ರಲ್ಲಿ ಮೂರು ತಿಂಗಳು ಅವರು ಹಂಗಾಮಿ ಮುಖ್ಯ ನ್ಯಾಯಾಧಿಪತಿಗಳಾಗಿದ್ದರು. ಸರ್ ಎಂಬ ಬಿರುದೂ ಆ ವರ್ಷವೇ ಬಂದಿತು. ಬಿರುದನ್ನು ಕೊಟ್ಟ ಸರ್ಕಾರವು ಹಂಗಾಮಿ ಎಂಬ ಶಬ್ದವನ್ನು ಮಾತ್ರ ತೆಗೆಯಲಿಲ್ಲ. ಮದರಾಸು ಹೈಕೋರ್ಟಿಗೆ ಭಾರತೀಯರೊಬ್ಬರು ಖಾಯಂ ಮುಖ್ಯ ನ್ಯಾಯಾಧಿಪತಿಗಳಾದುದು ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ರಾಜಮನ್ನಾರರ ಕಾಲದಲ್ಲಿ. ನಡುವೆ ಐವತ್ತೈದು ವರ್ಷಗಳು ಸಂದುಹೋದುವು.

ಅಯ್ಯರವರು ದೇಶಭಕ್ತರೆ ಎಂದು ಕೇಳುವವರಿದ್ದಾರೆ. ನೇರವಾಗಿ ಉತ್ತರ ಕೊಡುವುದು ಕಷ್ಟ. 1856ರಿಂದ 1895ರವರೆಗೆ, ಮೂವತ್ತೊಂಬತ್ತು ವರ್ಷ, ಅವರು ಪರಕೀಯ ಸರ್ಕಾರದ ಉದ್ಯೋಗಸ್ಥರು. ರಾಜಕೀಯ ವೇದಿಕೆಯನ್ನು ಏರಲಿಲ್ಲ. ನ್ಯಾಯಾಧಿಪತಿಯಾದವರು ಏರುವಂತೆಯೂ ಇರಲಿಲ್ಲ. ತಮ್ಮ ನೇಮಕದ ನಿಮಿತ್ತ ಪತ್ರಿಕೆಯನ್ನೇ ಹುಟ್ಟಿಸಿದ ತರುಣರು ಮುಂದೆ ಸರ್ಕಾರವನ್ನು ಕಟುವಾಗಿ ಟೀಕಿಸುತ್ತಿದ್ದಾಗ, ಅವರು ಅದೇ ಸರ್ಕಾರದ ಮುದ್ರೆಯ ಕೆಳಗೆ ಡಿಕ್ರಿಗಳಿಗೆ ರುಜು ಹಾಕುತ್ತಿದ್ದರು. ಇದನ್ನು ಮರೆಮಾಚಬೇಕಾಗಿಲ್ಲ. ಇಂಗ್ಲಿಷರ ನ್ಯಾಯವನ್ನು ಅವರು ಮನಸಾರ ನಂಬಿದ್ದರೆಂದೇ ನಮಗೆ ತೋರುವುದು. ಆದರೆ ಆ ನಂಬಿಕೆಯನ್ನು ಇಂಗ್ಲಿಷರಿಗಿಂತ ಹೆಚ್ಚು ನಿಷ್ಠೆಯಿಂದ ನಡೆಸಿ ತೋರಿಸಿದಾಗ ಆಳುವವರಿಗೆ ಅದು ಎಷ್ಟು ಇಕ್ಕಟ್ಟಾಯಿತೆಂಬುದನ್ನು 1878ರ ಗದ್ದಲವೇ ಹೇಳುತ್ತದೆ. ಯೋಗ್ಯತೆಯಿದ್ದವರಿಗೆ ಸ್ಥಾನವುಂಟೆಂದು ಅವರು ಕಾಗದದ ಮೇಲೆ ಬರೆದಿದ್ದರು; ಯೋಗ್ಯತೆಯೇ ಎದುರಿಗೆ ಬಂದು ನಿಂತಾಗ ಅವರ ಪತ್ರಿಕೆಗಳು ಬೆಚ್ಚಿಬಿದ್ದುವು. ಭಾಷಣ ಮಾಡದೆ, ಅರ್ಜಿ ಬರೆಯದೆ, ಬರಿಯ ಪರೀಕ್ಷೆಗಳನ್ನು ಗೆಲ್ಲುತ್ತ ಹೋದ ಒಬ್ಬರಿಂದ ಈ ಕಾರ್ಯವಾಯಿತು.

1895ರ ಜನವರಿ 25ರಂದು, ಅರವತ್ತಮೂರು ವರ್ಷ ತುಂಬಲು ಮೂರು ದಿನಗಳಿರುವಾಗ, ಅವರು ಕಾಲವಾದರು. ಹೈಕೋರ್ಟಿನಲ್ಲಿ ಅವರ ಅಮೃತಶಿಲೆಯ ಪ್ರತಿಮೆಯನ್ನು ನಿಲ್ಲಿಸಿದರು. ಅವರಿಂದ ತೆರವಾದ ಸ್ಥಾನಕ್ಕೆ ಅದೇ ವರ್ಷ ಬಂದವರು ಮಧುರೆಯ ಎಸ್. ಸುಬ್ರಹ್ಮಣ್ಯ ಅಯ್ಯರವರು. ಅವರೂ ಸರ್ಕಾರದಿಂದ ಬಿರುದುಗಳನ್ನು ಪಡೆದರು, ಅವರೂ ಹಂಗಾಮಿ ಮುಖ್ಯ ನ್ಯಾಯಾಧಿಪತಿಗಳಾದರು. ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಹೋಂ ರೂಲ್ ಲೀಗಿನ ಗೌರವಾಧ್ಯಕ್ಷರಾಗಿ, ಭಾರತಕ್ಕೆ ಸ್ವರಾಜ್ಯ ಬೇಕೆಂದು 1917ರಲ್ಲಿ ಅಮೆರಿಕೆಯ ಅಧ್ಯಕ್ಷ ವಿಲ್ಸನ್ನರಿಗೆ ಪತ್ರ ಬರೆದರು. ಅದಕ್ಕಾಗಿ ಭಾರತ ಮಂತ್ರಿ ಮಾಂಟೆಗೂ ಅವರು ಗದರಿಸಲು, ಬಿರುದುಗಳನ್ನೆಲ್ಲ ಸರ್ಕಾರಕ್ಕೆ ಹಿಂದಿರುಗಿಸಿದರು.